ಬಿಸಿಲೊಲೆಯ ಪೂರ್ವೋತ್ತರ

ಪಾಂಡವರು ಅರಣ್ಯವಾಸಕ್ಕೆ ಹೊರಟಾಗ, ತಮ್ಮನ್ನು ಹಿಂಬಾಲಿಸಿ ಬಂದ ಬ್ರಾಹ್ಮಣಸಮೂಹಕ್ಕೆ ಅನ್ನವನ್ನಿಕ್ಕುವ ಬಗೆ ಹೇಗೆಂದು ಧರ್ಮರಾಯನು ಚಿಂತಾಕ್ರಾಂತನಾದನು. ಪುರೋಹಿತನಾದ ಧೌಮ್ಯನ ಉಪದೇಶದಂತೆ ಸೂರ್ಯನನ್ನು ಸ್ತುತಿಸಿ ಅಕ್ಷಯಪಾತ್ರೆಯನ್ನು ಪಡೆದನು. ಈ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಆ ಪಾತ್ರೆಗೂ ಒಂದು ಕಟ್ಟಳೆಯಿದ್ದಿತು. ಪ್ರತಿದಿನವೂ ದ್ರೌಪದಿಯ ಊಟ ಮುಗಿಯುವವರೆಗೆ ಮಾತ್ರ ಅದು ಅನ್ನವನ್ನೀಯುತ್ತಿತ್ತು; ಆಮೇಲೆ ಬಂದ ಅತಿಥಿಗೆ ಅದರಲ್ಲಿ ಏನೂ ಇರುತ್ತಿರಲಿಲ್ಲ. ದೂರ್ವಾಸ ಮುನಿಯು ಶಿಷ್ಯರೊಡನೆ ಬಂದದ್ದು ಅಂತಹ ಹೊತ್ತಿನಲ್ಲಿಯೇ. ಸೂರ್ಯನಿಂದ ಅನ್ನವನ್ನು ಪಡೆಯಬೇಕೆಂಬ ಆಸೆಯೂ, ಆ ಆಸೆಗೆ ಹೊತ್ತು ಹಾಕುವ ಕಟ್ಟೂ ಎಷ್ಟು ಹಳೆಯವೆಂಬುದನ್ನು ಈ ಕಥೆಯೊಂದೇ ತೋರಿಸಿಕೊಡುತ್ತದೆ.

ಕಥೆಯ ಪಾತ್ರೆಯನ್ನು ಬಿಟ್ಟು ಕೈಯಿಂದ ಮಾಡಿದ ಪೆಟ್ಟಿಗೆಗೆ ಬರೋಣವಾಗಲಿ. ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಮಕ್ಕಳು ರಟ್ಟಿನ ಪೆಟ್ಟಿಗೆ, ಗಾಜು, ಮಿರುಗುವ ಅಲ್ಯೂಮಿನಿಯಂ ಹಾಳೆ, ಕಪ್ಪು ಬಣ್ಣ ಇವುಗಳಿಂದ ಬಿಸಿಲೊಲೆಯನ್ನು ಮಾಡಿ ತೋರಿಸುವುದುಂಟು. ಅಂಗಡಿಯಲ್ಲಿ ಸೋಲಾರ್ ಕುಕ್ಕರ್ ಎಂದು ಮಾರಿದ ವಸ್ತುವಿನ ಮನೆಮಾಡಿದ ರೂಪವಿದು. ನೋಡಿದವರು ಇದನ್ನು ಹೊಸಕಾಲದ ಆಟಿಕೆಯೆಂದೆಣಿಸುವುದು ಸಹಜ. ವಾಸ್ತವದಲ್ಲಿ ಈ ಪೆಟ್ಟಿಗೆಗೆ ಇನ್ನೂರೈವತ್ತು ವರ್ಷಗಳನ್ನು ಮೀರಿದ ಚರಿತ್ರೆಯಿದೆ. ಅದು ಹುಟ್ಟಿದ್ದು ಅಳತೆಗಾಗಿ. ಅಡಿಗೆಯ ಕೆಲಸವು ಅದಕ್ಕೆ ತರುವಾಯ ಬಂದಿತು. ಅಡಿಗೆಮನೆಯನ್ನು ಹೊಗಲು ಅದು ಹಲವು ಬಾರಿ ಯತ್ನಿಸಿ ಬಾಗಿಲಿನಿಂದಲೇ ಹಿಂದಿರುಗಿತು. ಈ ಹೋಗಿಬಂದ ದಾರಿಯನ್ನು ತಿಳಿದರೆ, ಚಿಕ್ಕಮಗಳೂರಿನ ಕಾಫಿಯ ಬೆಟ್ಟಗಳಲ್ಲಿ ಒಬ್ಬ ಬಾಲಕನಾಗಲಿ ಬಾಲಕಿಯಾಗಲಿ ಅದನ್ನು ಏತಕ್ಕಾಗಿ ಮಾಡಬೇಕೆಂಬುದೂ ತಿಳಿಯುತ್ತದೆ.

ಬಿಸಿಲಿನಿಂದ ಕೆಲಸ ಮಾಡಿಸಿಕೊಳ್ಳುವ ವಿದ್ಯೆಯು ಈ ಸೀಮೆಗೆ ಹೊಸದಲ್ಲ. ಬಾಬಾಬುಡನ್ ಎಂಬ ಸಂತನು ಹದಿನೇಳನೆಯ ಶತಮಾನದಲ್ಲಿ ಅರಬ್ಬೀ ದೇಶದಿಂದ ಏಳು ಬೀಜಗಳನ್ನು ತಂದು ಗಿರಿಯಲ್ಲಿ ಬಿತ್ತಿದನೆಂದು ಪ್ರತೀತಿ. ಅಂದಿನಿಂದ ಬೆಳೆಯುತ್ತ ಬಂದ ಕಾಫಿಯ ವ್ಯವಸಾಯವೆಲ್ಲ ಕೊನೆಗೆ ಬಂದು ನಿಲ್ಲುವುದು ಕಣದಲ್ಲಿ, ಬಿಸಿಲಿನ ಎದುರಿಗೆ. ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರಿ. ಸಿಪ್ಪೆ ಸುಲಿದು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಒಳ್ಳೆಯ ಬಿಸಿಲಿದ್ದರೆ ಪಾರ್ಚ್‌ಮೆಂಟಿಗೆ ಏಳರಿಂದ ಹತ್ತು ದಿವಸ, ಚೆರಿಗೆ ಹನ್ನೆರಡರಿಂದ ಹದಿನೈದು ದಿವಸ ಬೇಕು. ಪಾರ್ಚ್‌ಮೆಂಟಿನಲ್ಲಿ ನೂರಕ್ಕೆ ಹತ್ತು, ಚೆರಿಯಲ್ಲಿ ಹನ್ನೊಂದು ಪಾಲು ತೇವ ಉಳಿಯುವವರೆಗೂ ಅದನ್ನು ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ, ಸಂಜೆ ರಾಶಿಮಾಡಿ ಮುಚ್ಚಿ, ಬೆಳಗ್ಗೆ ಮತ್ತೆ ಹರಡಬೇಕು. ಕಾಳುಮೆಣಸು ಕಪ್ಪಾಗುವುದೂ, ಹಲಸಿನ ಹಪ್ಪಳವೂ ಸಂಡಿಗೆಯೂ ಗರಿಗಟ್ಟುವುದೂ ಈ ಬಿಸಿಲಿನಲ್ಲಿಯೇ. ಕೋಲು ಹಿಡಿದು ಹಪ್ಪಳಕ್ಕೆ ಕಾವಲು ಕುಳಿತು ಕಾಗೆಯನ್ನಟ್ಟುವ ಕೆಲಸ ಮಕ್ಕಳದು. ಹೀಗೆ ಮೂಡಿಗೆರೆ ಕಳಸಗಳ ಕಡೆಯ ಮಗುವಿಗೆ ಬಿಸಿಲೆಂಬುದು ಹುಟ್ಟಿದಂದಿನಿಂದಲೂ ಮನೆಯ ಒಬ್ಬ ಆಳಿನಂತೆ ಪರಿಚಿತವಾದುದು.

ಆದರೆ ಕಣದ ಬಿಸಿಲು ಒಣಗಿಸುತ್ತದೆಯೇ ಹೊರತು ಬೇಯಿಸುವುದಿಲ್ಲ. ನಡುಮಧ್ಯಾಹ್ನದಲ್ಲಿ ಕಾಲಿಡಲಾಗದಷ್ಟು ಕಾದ ಕಣದ ಮೇಲೆ ಒಂದು ಗೆಣಸನ್ನಿಟ್ಟರೆ ಸಂಜೆಗೆ ಅದು ಬಾಡಿರುತ್ತದೆ, ಬೆಂದಿರುವುದಿಲ್ಲ. ಏಕೆಂದರೆ ಬಿಸಿಲು ತಂದ ಕಾವನ್ನು ಗಾಳಿಯು ಆಗಿಂದಾಗಲೇ ಕೊಂಡೊಯ್ಯುತ್ತದೆ. ನೆಲವೂ ಅದನ್ನು ಆಕಾಶಕ್ಕೆ ಬೀರಿಬಿಡುತ್ತದೆ. ಬಂದ ಕಾವು ಹೋಗದಂತೆ ಬಾಗಿಲು ಹಾಕುವ ಉಪಾಯ ತಿಳಿದ ದಿನವೇ ಬಿಸಿಲೊಲೆ ಹುಟ್ಟಿದ ದಿನ. ಆ ಬಾಗಿಲು ಯಾವುದೆಂದರೆ ಗಾಜು.

ಗಾಜಿನ ಮನೆ ಬಿಸಿಲಿಗೆ ಕಾಯುವುದೆಂಬುದು ಯೂರೋಪಿನ ತೋಟಗಾರರಿಗೆ ಮೊದಲೇ ತಿಳಿದಿತ್ತು. ಎಷ್ಟು ಕಾಯುವುದೆಂದು ಅಳೆಯಹೊರಟವನು ಜಿನೀವಾ ನಗರದ ಹೊರಾಸ್ ಬೆನೆಡಿಕ್ಟ್ ಡಿ ಸೊಸ್ಯೂರ್ (1740–1799) ಎಂಬ ಪಂಡಿತನು. 1767ರಲ್ಲಿ ಆತನು ಐದು ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದಿಟ್ಟು, ಕಪ್ಪು ಮೇಜಿನ ಮೇಲೆ ಬಿಸಿಲಿಗೊಡ್ಡಿದನು. ಎಲ್ಲಕ್ಕೂ ಒಳಗಿನ ಪೆಟ್ಟಿಗೆಯ ಕಾವು 87 ಡಿಗ್ರಿ ಸೆಂಟಿಗ್ರೇಡಿಗೆ ಏರಿತು; ಒಳಗಿಟ್ಟ ಹಣ್ಣುಗಳು ಬೆಂದು ರಸ ಬಿಟ್ಟವು. ಆತನು ಇಷ್ಟಕ್ಕೆ ತೃಪ್ತನಾಗಲಿಲ್ಲ. ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ಒಳಮೈಗೆ ಕಪ್ಪು ಬಿರಡೆಮರದ ಪದರವನ್ನು ಹೊದಿಸಿ, ಮೇಲೆ ನಡುವೆ ಸಂದುಬಿಟ್ಟು ಮೂರು ಗಾಜುಗಳನ್ನು ಕೂರಿಸಿದನು. ಕಾವು 109 ಡಿಗ್ರಿಗೆ ಹೋಯಿತು. ಬಳಿಕ ಆ ಪೆಟ್ಟಿಗೆಯನ್ನು ಇನ್ನೂ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಉಣ್ಣೆಯನ್ನು ತುಂಬಿದನು. ಬಿಸಿಲು ಅಷ್ಟು ಚೆನ್ನಾಗಿಲ್ಲದ ದಿನದಲ್ಲಿಯೂ ಕಾವು ಮೊದಲಿನ ಮಟ್ಟದಿಂದ ಇಳಿಯಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದರಿಂದಾದ ವ್ಯತ್ಯಾಸವನ್ನು ಉಷ್ಣಮಾಪಕದಿಂದ ನೋಡಿ ಬರೆದಿಡುವ ಆತನ ಈ ಕ್ರಮವು ಮುಂದಿನ ಮಾತಿಗೆ ಬೇಕಾಗಿರುವುದರಿಂದ ಇಲ್ಲಿಯೇ ನೆನಪಿನಲ್ಲಿಡತಕ್ಕದ್ದು.

ಸೊಸ್ಯೂರನು ಪರ್ವತಪ್ರಿಯನೂ ಆಗಿದ್ದನು. ಆಲ್ಪ್ಸ್ ಸಾಲಿನ ಅತ್ಯುನ್ನತವಾದ ಮಾಂ ಬ್ಲಾಂ ಶಿಖರವನ್ನು 1787ರಲ್ಲಿ ಹತ್ತಿದವನು. ಬೆಟ್ಟದ ತುದಿ ಸೂರ್ಯನಿಗೆ ಹತ್ತಿರವಾಗಿದ್ದರೂ ಅಲ್ಲಿ ಚಳಿ ಹೆಚ್ಚಾಗಿರುವುದೇಕೆ ಎಂಬ ಪ್ರಶ್ನೆ ಆತನನ್ನು ಕಾಡುತ್ತಿತ್ತು. 1774ರಲ್ಲಿ ತನ್ನ ಪೆಟ್ಟಿಗೆಯನ್ನು ಕ್ರಾಮಾಂ ಎಂಬ ಬೆಟ್ಟದ ಮೇಲಕ್ಕೆ ಹೊತ್ತೊಯ್ದನು. ಅಲ್ಲಿ ಹೊರಗಿನ ಗಾಳಿ 6 ಡಿಗ್ರಿಯಷ್ಟು ತಣ್ಣಗಿದ್ದಿತು. ಪೆಟ್ಟಿಗೆಯೊಳಗೆ 87 ಡಿಗ್ರಿಗೆ ಸಮೀಪವಾದ ಕಾವು ಕಂಡಿತು. ಮರುದಿನ ಅದನ್ನೇ ಕೆಳಗಿನ ಬಯಲಿಗೆ ತಂದು ನೋಡಿದನು. ಹೊರಗಿನ ಗಾಳಿ ಬಹಳ ಬೆಚ್ಚಗಿದ್ದರೂ ಪೆಟ್ಟಿಗೆಯೊಳಗಿನ ಕಾವು ಹೆಚ್ಚುಕಡಮೆ ಅಷ್ಟೇ ಇದ್ದಿತು. ಬೆಟ್ಟದ ಮೇಲೆ ಬಿಸಿಲಿನ ಬಲವೇನೂ ಕುಗ್ಗಿಲ್ಲ, ತೆಳುವಾದ ಗಾಳಿಯು ಕಾವನ್ನು ಹಿಡಿದಿಡಲಾರದು ಅಷ್ಟೆ, ಎಂದು ಇದರಿಂದ ಸಿದ್ಧವಾಯಿತು. 1824ರಲ್ಲಿ ಫ್ರಾನ್ಸಿನ ಗಣಿತಜ್ಞನಾದ ಫೂರಿಯೇ ಎಂಬಾತನು ಭೂಮಿಯ ಉಷ್ಣವನ್ನು ಕುರಿತು ಬರೆಯುವಾಗ ಇದೇ ಪೆಟ್ಟಿಗೆಯನ್ನು ದೃಷ್ಟಾಂತವಾಗಿ ಹೇಳಿದನು. ವಾಯುಮಂಡಲವು ಭೂಮಿಗೆ ಹೊದಿಸಿದ ಗಾಜಿನಂತೆ ವರ್ತಿಸುವುದೆಂಬ ಈಗಿನ ಮಾತಿಗೆ ಮೂಲವಿದು. ಗಾಜು ಬೆಳಕನ್ನು ಒಳಕ್ಕೆ ಬಿಡುತ್ತದೆ. ಕಪ್ಪು ಮೈ ಆ ಬೆಳಕನ್ನು ಹೀರಿ ಕಾವಾಗಿ ಮರಳಿ ಬೀರಿದಾಗ ಆ ಕಣ್ಣಿಗೆ ಕಾಣದ ಕಿರಣಗಳನ್ನು ಹೊರಕ್ಕೆ ಬಿಡುವುದಿಲ್ಲ. ಗಾಳಿಯನ್ನೂ ತಡೆಯುತ್ತದೆ.

ಅಳತೆಯ ಪೆಟ್ಟಿಗೆಯಲ್ಲಿ ಅಡಿಗೆಯನ್ನು ಮಾಡಿ ಉಂಡವರಲ್ಲಿ ಪ್ರಸಿದ್ಧನಾದವನು ಸರ್ ಜಾನ್ ಹರ್ಷಲ್. ದಕ್ಷಿಣದ ನಕ್ಷತ್ರಗಳನ್ನು ನೋಡಲು 1834ರಿಂದ 1838ರವರೆಗೆ ದಕ್ಷಿಣ ಆಫ್ರಿಕದ ಗುಡ್‌ಹೋಪ್ ಭೂಶಿರದಲ್ಲಿದ್ದ ಈ ಜ್ಯೋತಿರ್ವಿದನು, ಗಾಜು ಮುಚ್ಚಿದ ಕಪ್ಪು ಪೆಟ್ಟಿಗೆಯನ್ನು ಮರಳಿನಲ್ಲಿ ಹೂಳಿ ಮೊಟ್ಟೆಯನ್ನೂ ಮಾಂಸವನ್ನೂ ಬೇಯಿಸಿ, ನೆರೆದವರಿಗೆ ಹಂಚಿದನು. ಆತನಿಗೂ ಅದು ವಿನೋದದ ಪ್ರಯೋಗವೇ ಆಗಿದ್ದಿತು.

ವಿನೋದವನ್ನು ಬಿಟ್ಟು, ಬಿಸಿಲು ಸೌದೆಗೆ ಬದಲಾಗಬಲ್ಲುದೆಂದು ಮನಃಪೂರ್ವಕವಾಗಿ ವಾದಿಸಿದ ಗ್ರಂಥವು ಹೊರಟದ್ದು ಭರತಖಂಡದಲ್ಲಿ. ಮುಂಬಯಿಯ ಹೈಕೋರ್ಟಿನ ಅಧಿಕಾರಿಯಾಗಿದ್ದ ವಿಲಿಯಂ ಆಡಮ್ಸ್ ಎಂಬಾತನು ಉಷ್ಣದೇಶಗಳಲ್ಲಿ ಸೌರಶಾಖವನ್ನು ಉರುವಲಿನ ಬದಲಾಗಿ ಬಳಸುವ ವಿಷಯವನ್ನು ಕುರಿತು 1878ರಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಎಂಟು ಕನ್ನಡಿಗಳನ್ನು ಎಂಟು ಮೂಲೆಯ ಆಲಿಕೆಯಂತೆ ಜೋಡಿಸಿ, ನಡುವೆ ಗಾಜಿನ ಹೊದಿಕೆಯ ತಾಮ್ರದ ಪಾತ್ರೆಯನ್ನಿಟ್ಟು, ಏಳು ಮಂದಿ ಸಿಪಾಯಿಗಳ ಮಾಂಸ ತರಕಾರಿಗಳನ್ನು ಎರಡು ಗಂಟೆಗಳಲ್ಲಿ ಬೇಯಿಸಿದನು. ಅದೂ ಮುಂಬಯಿಯ ಅತ್ಯಂತ ತಂಪಾದ ಜನವರಿ ತಿಂಗಳಿನಲ್ಲಿ. ಬಿಸಿಲೊಲೆಗೆ ಬೇಕಾದುದು ಸೆಕೆಯಲ್ಲ, ನಿರ್ಮಲವಾದ ಆಕಾಶ ಎಂಬ ಸಂಗತಿಯು ಇಲ್ಲಿಯೂ ಸ್ಪಷ್ಟವಾಗುತ್ತದೆ. ಆದರೂ ಆಡಮ್ಸನ ಒಲೆಯು ಮನೆಮನೆಗೆ ಹೋಗಲಿಲ್ಲ.

ಎರಡನೆಯ ಯತ್ನವು ಸ್ವಾತಂತ್ರ್ಯದ ಕಾಲಕ್ಕೆ ಸೇರಿದ್ದು. 1945ರಲ್ಲಿ ಜಮಷೆಡ್‌ಪುರದ ಎಂ. ಕೆ. ಘೋಷ್ ಎಂಬವರು ಪೆಟ್ಟಿಗೆಯ ಮಾದರಿಯ ಒಲೆಯನ್ನು ರಚಿಸಿದರು. 1950ರ ದಶಕದ ಮೊದಲ ವರ್ಷಗಳಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಎಂ. ಎಲ್. ಘೈ ಮೊದಲಾದವರು ಬಟ್ಟಲಿನಾಕಾರದ ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸುವ ಒಲೆಯನ್ನು ಸಿದ್ಧಪಡಿಸಿದರು. ಅದು ಮಾರಾಟಕ್ಕೂ ಬಂದಿತು; ಕೊಳ್ಳುವವರು ದೊರೆಯದೆ ನಿಂತುಹೋಯಿತು. ಮೂರನೆಯ ಯತ್ನವು 1980ರ ದಶಕದ್ದು. 1982ರಲ್ಲಿ ಕೇಂದ್ರ ಸರ್ಕಾರವು ಅಸಾಂಪ್ರದಾಯಿಕ ಶಕ್ತಿಮೂಲಗಳ ಇಲಾಖೆಯನ್ನು ಸ್ಥಾಪಿಸಿ, ಪೆಟ್ಟಿಗೆಯ ಮಾದರಿಯ ಒಲೆಗೆ ಸಹಾಯಧನವನ್ನು ಕೊಟ್ಟಿತು. ಈ ಸಲ ಲಕ್ಷಗಟ್ಟಲೆ ಒಲೆಗಳು ಮಾರಾಟವಾದವು. ಆದರೆ ಕೊಂಡ ಒಲೆಯು ದಿನವೂ ಬಿಸಿಲಿಗೆ ಬಂದಿತೇ ಎಂಬುದು ಬೇರೆಯ ಪ್ರಶ್ನೆ; ಮೂಲೆ ಸೇರಿದ ಪೆಟ್ಟಿಗೆಗಳು ಅನೇಕ.

ಇದಕ್ಕೆ ಕಾರಣವನ್ನು ಜನರ ಅಜ್ಞಾನದಲ್ಲಿ ಹುಡುಕುವುದು ಸುಲಭವಾದರೂ ನ್ಯಾಯವಲ್ಲ. ಮಲೆನಾಡಿನ ಒಂದು ಅಡಿಗೆಮನೆಯನ್ನೇ ನೋಡಬಹುದು. ಬೆಳಗಿನ ಹೊತ್ತು ತೋಟದ ಕೆಲಸಕ್ಕೆ ಹೊರಡುವ ಮೊದಲೇ ಅಕ್ಕಿರೊಟ್ಟಿಯೋ ಕಡುಬೋ ಆಗಬೇಕು. ಆಗ ಕಣಿವೆಯಲ್ಲಿ ಮಂಜು ಕರಗಿರುವುದಿಲ್ಲ. ರೊಟ್ಟಿಗೆ ಸುಡುವ ಕಾವಲಿ ಬೇಕು, ಕಡುಬಿಗೆ ರಭಸದ ಹಬೆ ಬೇಕು, ಸಾರಿಗೆ ಚಟಪಟನೆ ಸಿಡಿಯುವ ಒಗ್ಗರಣೆ ಬೇಕು. ಮೆಲ್ಲಗೆ ಬೇಯಿಸುವ ಪೆಟ್ಟಿಗೆಗೆ ಈ ಮೂರೂ ಅಸಾಧ್ಯ. ರಾತ್ರಿಯ ಊಟದ ಅಡಿಗೆ ಸೂರ್ಯಾಸ್ತದ ನಂತರ. ಮಧ್ಯಾಹ್ನ ಒಲೆಯನ್ನು ಬಿಸಿಲಿನತ್ತ ತಿರುಗಿಸುತ್ತ ಕೂರುವವರಾದರೂ ಯಾರು? ಹೆಂಗಸರು ಹಣ್ಣು ಕೊಯ್ಯಲು ಹೋಗಿರುತ್ತಾರೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದರೆ ಕಳಸದ ಕಡೆ ದಿನಗಟ್ಟಲೆ ಸೂರ್ಯದರ್ಶನವೇ ಇಲ್ಲ. ಚಿಕ್ಕಮಗಳೂರು 13 ಡಿಗ್ರಿಗೆ ತುಸು ಮೇಲಿನ ಉತ್ತರ ಅಕ್ಷಾಂಶದಲ್ಲಿರುವುದರಿಂದ ಸೂರ್ಯನು ವರ್ಷಕ್ಕೆರಡು ಸಲ ನಡುನೆತ್ತಿಗೆ ಬರುತ್ತಾನೆ, ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ. ಎರಡನೆಯ ಸಲ ಬಂದವನನ್ನು ಮೋಡವು ಕಾಣಗೊಡುವುದಿಲ್ಲ. ಇತ್ತ ಸೌದೆಗೋ ಕಾಫಿಗಿಡದ ಕಸಿಯ ರೆಂಬೆಗಳೂ ನೆರಳಿನ ಮರದ ಕೊಂಬೆಗಳೂ ಕೈಗೆ ದೊರೆಯುತ್ತಿದ್ದವು. ಆ ಸೌದೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡವರ ಕಷ್ಟವು ನಿಜವಾದುದೇ. ಅದನ್ನು ಬಹುಮಟ್ಟಿಗೆ ನೀಗಿದ್ದು ಅನಿಲದ ಸಿಲಿಂಡರು; 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯು ಅದನ್ನು ಬಡವರ ಮನೆಗೂ ಒಯ್ದಿತು. ದೂರ್ವಾಸನಂತೆ ಹೊತ್ತುಮೀರಿ ಬಂದ ನೆಂಟನಿಗೆ ಬಿಸಿಲೊಲೆಯಲ್ಲಿ ಅನ್ನವಿಲ್ಲ; ಗೃಹಿಣಿಯು ಅದನ್ನು ನಂಬಲಿಲ್ಲವೆಂದರೆ ಆಕೆಯ ತಪ್ಪೇನೂ ಇಲ್ಲ.

ಆದರೆ ಅಡಿಗೆಮನೆಯಿಂದ ಹಿಂದಿರುಗಿದ ಪೆಟ್ಟಿಗೆಯು ಬಚ್ಚಲುಮನೆಯನ್ನು ಗೆದ್ದುಕೊಂಡಿತು. 1891ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ ಎಂಬಾತನು ಸೊಸ್ಯೂರನ ಪೆಟ್ಟಿಗೆಯೊಳಗೆ ನೀರಿನ ತೊಟ್ಟಿಯನ್ನಿಟ್ಟು, ನೀರು ಕಾಯಿಸುವ ಉಪಕರಣವನ್ನು ಮಾರಾಟಕ್ಕೆ ತಂದನು. ಅದರ ಸಂತತಿಯೇ ಈಗ ಕರ್ನಾಟಕದ ಊರೂರಿನ ಮನೆಗಳ ಮೇಲೆ ಕಾಣುವ ಸೋಲಾರ್ ಹೀಟರು. ಹಿಂದಿನ ದಿನವೇ ಕಾದ ನೀರನ್ನು ಬೆಚ್ಚಗಿನ ತೊಟ್ಟಿಯಲ್ಲಿ ಕೂಡಿಡಬಹುದಾದ್ದರಿಂದ ಇಲ್ಲಿ ಹೊತ್ತಿನ ಕಟ್ಟು ಸಡಿಲವಾಯಿತು. ತಿರುಗಿಸುವ ಕೆಲಸವೂ ಇಲ್ಲವಾಯಿತು. ಮಲೆನಾಡಿನಲ್ಲಿ ಹಂಡೆಯ ಕೆಳಗೆ ಉರಿಯುತ್ತಿದ್ದ ಬಚ್ಚಲೊಲೆ ಎಷ್ಟು ಸೌದೆಯನ್ನು ನುಂಗುತ್ತಿದ್ದಿತೆಂಬುದನ್ನು ಬಲ್ಲವರಿಗೆ ಇದು ಸಣ್ಣ ಲಾಭವಲ್ಲ.

ಪೆಟ್ಟಿಗೆಗೆ ದೊರೆತ ಇನ್ನೊಂದು ಆಶ್ರಯವೆಂದರೆ ಶಾಲೆ. 1970ರ ದಶಕದಲ್ಲಿ ಅಮೆರಿಕದ ಅರಿಜೋನ ಪ್ರಾಂತದ ಬಾರ್ಬರಾ ಕೆರ್ ಮತ್ತು ಷೆರಿ ಕೋಲ್ ಎಂಬ ಇಬ್ಬರು ಸ್ತ್ರೀಯರು ಮರ ತಾಮ್ರಗಳನ್ನು ತೊರೆದು, ರಟ್ಟು ಮತ್ತು ಲೋಹದ ಹಾಳೆಗಳಿಂದಲೇ ಒಲೆಯನ್ನು ಮಾಡಬಹುದೆಂದು ತೋರಿಸಿದರು. ಅಲ್ಲಿಂದಾಚೆಗೆ ಅದು ಮಕ್ಕಳ ಕೈಗೆಟುಕುವ ವಸ್ತುವಾಯಿತು. ಕನ್ನಡದಲ್ಲಿಯೂ ಇದಕ್ಕೆ ನೆಲ ಹದವಾಗಿದ್ದಿತು. 1918ರ ಸುಮಾರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿದರು. 1936ರಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳಿಗಿತ್ತರು. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಮಾಸಪತ್ರಿಕೆಯಿಂದಲೂ, 1993ರಲ್ಲಿ ದೇಶಾದ್ಯಂತ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶದಿಂದಲೂ ಹಳ್ಳಿಯ ಶಾಲೆಗಳನ್ನು ಮುಟ್ಟಿತು. ತಮ್ಮ ಊರಿನ ಒಂದು ಪ್ರಶ್ನೆಯನ್ನೆತ್ತಿಕೊಂಡು ಮಕ್ಕಳು ತಾವೇ ಅದನ್ನು ಶೋಧಿಸಬೇಕೆಂಬುದು ಆ ಸಮಾವೇಶದ ನಿಯಮ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ (1938–2007) ಬರವಣಿಗೆಯೂ, ಹಿತ್ತಿಲನ್ನೇ ಪ್ರಯೋಗಶಾಲೆಯೆಂದು ಬಗೆದು ನೋಡುವ ಕುತೂಹಲವನ್ನು ಈ ಬೆಟ್ಟಗಳ ಹುಡುಗರಲ್ಲಿ ಬಿತ್ತಿತು.

ಮಾಡುವ ಕ್ರಮವು ಸುಲಭವಾದುದು. ಒಂದರೊಳಗೊಂದು ಹಿಡಿಯುವ ಎರಡು ರಟ್ಟಿನ ಪೆಟ್ಟಿಗೆಗಳನ್ನು ಆರಿಸಿ, ನಡುವಣ ಸಂದಿನಲ್ಲಿಯೂ ತಳದಲ್ಲಿಯೂ ಭತ್ತದ ಹೊಟ್ಟನ್ನಾಗಲಿ, ಚೆನ್ನಾಗಿ ಒಣಗಿದ ಕಾಫಿಯ ಸಿಪ್ಪೆಯನ್ನಾಗಲಿ ಮೂರು ನಾಲ್ಕು ಬೆರಳಿನ ಗಾತ್ರ ತುಂಬಬೇಕು. ಸೊಸ್ಯೂರನ ಉಣ್ಣೆಯ ಕೆಲಸವನ್ನು ಇದು ಮಾಡುತ್ತದೆ. ಒಳಪೆಟ್ಟಿಗೆಯ ತಳಕ್ಕೆ ಒಲೆಯ ಮಸಿಯನ್ನು ಗಂಜಿಯಲ್ಲಿ ಕಲಸಿ ಬಳಿದು ಒಣಗಿಸಬೇಕು. ಬಾಯಿಗೆ ಸಂದಿಲ್ಲದಂತೆ ಗಾಜನ್ನು ಕೂರಿಸಬೇಕು. ಗಾಜಿನ ಅಂಚಿಗೆ ಪಟ್ಟಿಯನ್ನಂಟಿಸುವುದು ಹಿರಿಯರ ಕೆಲಸ. ರಟ್ಟಿನ ಮುಚ್ಚಳದ ಒಳಮೈಗೆ ಮಿರುಗುವ ಹಾಳೆಯನ್ನಂಟಿಸಿ, ಅದರಿಂದ ಬಿಸಿಲು ಗಾಜಿನೊಳಕ್ಕೆ ಬೀಳುವಂತೆ ಓರೆಯಾಗಿ ನಿಲ್ಲಿಸಬೇಕು. ಡಿಸೆಂಬರ್ ತಿಂಗಳಿನಲ್ಲಿ ನಡುಹಗಲಲ್ಲಿಯೂ ಸೂರ್ಯನು ದಕ್ಷಿಣದ ಕಡೆ ದಿಗಂತದಿಂದ 53 ಡಿಗ್ರಿಯಷ್ಟೇ ಮೇಲಿರುವುದರಿಂದ ಪೆಟ್ಟಿಗೆಯ ಮುಖವು ದಕ್ಷಿಣಕ್ಕಿರಬೇಕು. ಪ್ರತಿಫಲಿಸಿದ ಬಿಸಿಲನ್ನು ಕಣ್ಣಿಟ್ಟು ನೋಡಕೂಡದು. ಪಾತ್ರೆಯನ್ನು ಬಟ್ಟೆಯಿಲ್ಲದೆ ಮುಟ್ಟಕೂಡದು. ಮುಚ್ಚಳವುಳ್ಳ ಕಪ್ಪು ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿಯನ್ನು ನೀರಿನೊಡನೆ ಹತ್ತೂವರೆ ಗಂಟೆಗೆ ಇಟ್ಟರೆ ನಿರ್ಮಲವಾದ ದಿನದಲ್ಲಿ ಎರಡು ಮೂರು ಗಂಟೆಗಳಲ್ಲಿ ಅನ್ನವಾಗುತ್ತದೆ. ನೀರು ಕುದಿಯಬೇಕೆಂಬ ಅವಶ್ಯಕತೆಯೂ ಇಲ್ಲ. 80 ಡಿಗ್ರಿಯ ಕಾವು ಬಹಳ ಹೊತ್ತು ನಿಂತರೆ ಅಕ್ಕಿ ಬೇಯುತ್ತದೆ.

ಅನ್ನವಾದ ಮಾತ್ರಕ್ಕೆ ಪಾಠವು ಮುಗಿಯಿತೆನ್ನುವಂತಿಲ್ಲ. ಪ್ರದರ್ಶನದ ಹಿಂದಿನ ರಾತ್ರಿ ಹಿರಿಯರು ಅಂಟಿಸಿಕೊಟ್ಟು, ಛಾವಣಿಯ ಕೆಳಗೆ ಮೇಜಿನ ಮೇಲೆ ಮಿರುಗುತ್ತ ಕುಳಿತು, ಬಿಸಿಲನ್ನೇ ಕಾಣದೆ ಬಹುಮಾನ ಪಡೆಯುವ ಒಲೆಗಳೂ ಉಂಟು. ಅಂತಹ ಒಲೆಯಿಂದ ಮಗುವಿಗೆ ತಿಳಿದದ್ದೇನು? ಅದಕ್ಕಿಂತ, ಗಾಜು ಸೀಳಿದ, ರಟ್ಟು ಸೊಟ್ಟಗಾದ, ಅಕ್ಕಿ ಅರ್ಧ ಬೆಂದ ಪೆಟ್ಟಿಗೆಯ ಪಕ್ಕದಲ್ಲಿ ಕಾಲುಗಂಟೆಗೊಮ್ಮೆ ಉಷ್ಣಮಾಪಕವನ್ನು ನೋಡಿ ಬರೆದ ಒಂದು ಹಾಳೆಯು ಮೇಲು. ಹೊಟ್ಟನ್ನು ತೆಗೆದರೆ ಕಾವೆಷ್ಟು ಇಳಿಯಿತು? ಮಸಿಯ ಬದಲು ಸುಣ್ಣ ಬಳಿದರೆ ಏನಾಯಿತು? ಗಾಜು ಒಂದಿದ್ದರೆಷ್ಟು, ಎರಡಿದ್ದರೆಷ್ಟು? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದ ಮಗುವು ಸೊಸ್ಯೂರನ ದಾರಿಯಲ್ಲಿಯೇ ನಡೆದಂತಾಯಿತು. ಮಾತ್ರವಲ್ಲದೆ, ಎದುರಿನ ಕಣದಲ್ಲಿ ಕಾಫಿ ಒಣಗುವುದೇಕೆ, ಪಕ್ಕದ ಪೆಟ್ಟಿಗೆಯಲ್ಲಿ ಅಕ್ಕಿ ಬೇಯುವುದೇಕೆ ಎಂಬ ಭೇದವನ್ನೂ ಕಣ್ಣಾರೆ ಕಂಡಂತಾಯಿತು.

1947ರವರೆಗೆ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಈ ಸೀಮೆಗೆ ಇಂತಹ ಶೋಧನೆಗೆ ಬೇಕಾದ ಒಂದು ವಿಶೇಷಾನುಕೂಲವಿದೆ. ಇಲ್ಲಿ ಸುಮಾರು 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಯೂ ಇದೆ, ಅದರಿಂದ ಸಾವಿರ ಮೀಟರಿಗೂ ಕೆಳಗಿನ ಕಡೂರಿನ ಬಯಲೂ ಇದೆ. ಜನವರಿಯ ಒಂದು ನಿರ್ಮಲವಾದ ದಿನ, ಒಂದೇ ಅಳತೆಯ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದನ್ನು ಗಿರಿಯ ಮೇಲೂ ಇನ್ನೊಂದನ್ನು ಬಯಲಿನ ಶಾಲೆಯ ಅಂಗಳದಲ್ಲಿಯೂ ಇಟ್ಟು, ಹನ್ನೊಂದರಿಂದ ಎರಡು ಗಂಟೆಯವರೆಗೆ ಒಳಗಿನ ಕಾವನ್ನೂ ಹೊರಗಿನ ಗಾಳಿಯ ಕಾವನ್ನೂ ಬರೆದರೆ, 1774ರ ಕ್ರಾಮಾಂ ಬೆಟ್ಟದ ಪ್ರಯೋಗವನ್ನು ಎರಡು ಶಾಲೆಗಳ ಮಕ್ಕಳು ಕನ್ನಡದಲ್ಲಿ ಮತ್ತೆ ಮಾಡಿದಂತಾಗುತ್ತದೆ. ಗಿರಿಯ ಮೇಲೆ ಗಾಳಿ ಜೋರಾಗಿರುವುದರಿಂದ ಪೆಟ್ಟಿಗೆಗೆ ಕಲ್ಲುಗಳ ಮರೆ ಬೇಕಾದೀತು, ಅದನ್ನೂ ಬರೆದಿಡಬೇಕು. ಸಂಜೆ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅಂಕಿಗಳು ಹತ್ತಿರವಾಗಿದ್ದರೂ ಸರಿ, ದೂರವಾಗಿದ್ದರೂ ಸರಿ. ಏಕೆ ಹಾಗಾಯಿತೆಂದು ಮಕ್ಕಳು ತಮ್ಮತಮ್ಮಲ್ಲಿ ವಾದಿಸತೊಡಗಿದರೆ, ಅಡಿಗೆಮನೆಯಿಂದ ಹಲವು ಬಾರಿ ಹಿಂದಿರುಗಿದ ಈ ಪೆಟ್ಟಿಗೆಯು ತಾನು ಹುಟ್ಟಿದ ಕೆಲಸಕ್ಕೇ ಮರಳಿ ಸೇರಿತೆನ್ನಬಹುದು.